ಉತ್ತರ ಬೆಂಗಳೂರಿನ ಅಂಗಡಿ ನೌಕರರು: ಕಾಯಿದೆ, ಅಹವಾಲು ಮತ್ತು ಸಂಘಟನೆ

ಬೆಂಗಳೂರಿನ ಕಾರ್ಮಿಕ ಚಳವಳಿಯ ಚರಿತ್ರೆಯು ಬಹುಮಟ್ಟಿಗೆ ಕಾರ್ಖಾನೆಯ ಗೇಟಿನ ಬಳಿ ನಿಂತು ಬರೆದ ಚರಿತ್ರೆಯಾಗಿದೆ. ಬಿನ್ನಿ ಗಿರಣಿಯ ಮುಷ್ಕರಗಳು, ಸ್ವಾತಂತ್ರ್ಯಾನಂತರ ಬೆಳೆದ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕ ಸಂಘಗಳು, 1980ರ ಡಿಸೆಂಬರ್ ತಿಂಗಳಲ್ಲಿ ಆರಂಭವಾಗಿ 77 ದಿನಗಳ ಕಾಲ ನಡೆದ ಮಹಾಮುಷ್ಕರ - ಇವು ಆ ಚರಿತ್ರೆಯ ಪ್ರಮುಖ ಘಟ್ಟಗಳು. ಕೊನೆಯ ಮುಷ್ಕರದಲ್ಲಿ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಪಾಲ್ಗೊಂಡಿದ್ದರು. ಅವರಲ್ಲಿ ಉತ್ತರ ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. ಮತ್ತು ಎಚ್.ಎಂ.ಟಿ. ಕಾರ್ಮಿಕರ ಪಾತ್ರ ದೊಡ್ಡದು. ಆದರೆ ಅದೇ ಕಾಲದಲ್ಲಿ ಅದೇ ಊರಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ, ಬಟ್ಟೆಯ ಥಾನುಗಳ ಮುಂದೆ, ದಿನಸಿಯ ಮೂಟೆಗಳ ನಡುವೆ ನಿಂತು ದುಡಿಯುತ್ತಿದ್ದ ಅಂಗಡಿ ನೌಕರರು ಈ ಚರಿತ್ರೆಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಿಲ್ಲ.

ಇಂದು ಈ ಕೊರತೆಯನ್ನು ಲಘುವಾಗಿ ನೋಡುವಂತಿಲ್ಲ. ಎಚ್.ಎಂ.ಟಿ.ಯ ಕೈಗಡಿಯಾರ ಘಟಕಗಳನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರವು 2016ರಲ್ಲಿ ಕೈಗೊಂಡಿತು. ಇತ್ತ ಹೆಬ್ಬಾಳದ ಕೆಂಪಾಪುರದಿಂದ ಬಳ್ಳಾರಿ ರಸ್ತೆಗೆ ಇಳಿದು ಯಲಹಂಕದ ಕಡೆಗೆ ಸಾಗಿದರೆ, ಬ್ಯಾಟರಾಯನಪುರದಲ್ಲಿ 2023ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದ ಮಾಲ್ ಆಫ್ ಏಷ್ಯಾ ಸಿಗುತ್ತದೆ. ತುಮಕೂರು ರಸ್ತೆಯ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಸ್ವೀಡನ್ ಮೂಲದ ಐಕಿಯಾ ಮಳಿಗೆ ಆರಂಭವಾಯಿತು. ಒಂದು ತಲೆಮಾರಿನ ಹಿಂದೆ ಈ ಭಾಗದ ಯುವಜನರಿಗೆ ಕಾರ್ಖಾನೆಯ ಸೈರನ್ನು ಏನಾಗಿತ್ತೋ, ಇಂದಿನ ಅನೇಕರಿಗೆ ಮಳಿಗೆಯ ಪಾಳಿ ಅದೇ ಆಗಿದೆ. ಕೆಲಸದ ನೆಲೆ ಬದಲಾಯಿತು. ಆದರೆ ಕಾರ್ಖಾನೆಯ ಕಾರ್ಮಿಕರು ಕಟ್ಟಿಕೊಂಡಿದ್ದ ಸಂಘವು ಅವರ ಹಿಂದೆಯೇ ಮಳಿಗೆಗೆ ಬರಲಿಲ್ಲ. ಇದಕ್ಕೆ ಕಾರಣವನ್ನು ಅಂಗಡಿ ನೌಕರರ ಕಾಯಿದೆಯ ಚರಿತ್ರೆಯಲ್ಲಿಯೂ ಅವರ ಕೆಲಸದ ಸ್ವರೂಪದಲ್ಲಿಯೂ ಹುಡುಕಬೇಕಾಗುತ್ತದೆ.

ಸಂಘಕ್ಕಿಂತ ಮೊದಲು ಬಂದ ಕಾಯಿದೆ

ಕಾರ್ಖಾನೆಯ ವಿಷಯದಲ್ಲಿ ಹೋರಾಟ ಮತ್ತು ಕಾಯಿದೆ ಒಂದನ್ನೊಂದು ಹಿಂಬಾಲಿಸಿಕೊಂಡು ಬಂದವು. ಮೈಸೂರು ಸಂಸ್ಥಾನದಲ್ಲಿ 1941ರ ಕಾರ್ಮಿಕ ತುರ್ತು ಶಾಸನ ಹಾಗೂ 1942ರ ಕಾರ್ಮಿಕ ಶಾಸನಗಳು ಮುಷ್ಕರಗಳ ಒತ್ತಡದ ನಡುವೆಯೇ ಬಂದವು. ಅಂಗಡಿಯ ವಿಷಯದಲ್ಲಿ ಹಾಗಾಗಲಿಲ್ಲ. ಭಾರತದಲ್ಲಿ ಅಂಗಡಿ ನೌಕರರ ದುಡಿಮೆಯ ಅವಧಿಯನ್ನು ನಿಯಂತ್ರಿಸಿದ ಮೊದಲ ಪ್ರಾಂತೀಯ ಶಾಸನವು 1939ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. ಮದರಾಸು ಪ್ರಾಂತವು 1947ರಲ್ಲಿ, ಮೈಸೂರು 1948ರಲ್ಲಿ, ಹೈದರಾಬಾದು 1951ರಲ್ಲಿ ತಮ್ಮ ತಮ್ಮ ಕಾಯಿದೆಗಳನ್ನು ಮಾಡಿದವು. ಮುಂಬಯಿಯೂ 1948ರಲ್ಲಿ ತನ್ನ ಕಾಯಿದೆಯನ್ನು ಹೊಸದಾಗಿ ರೂಪಿಸಿತು. ಮೈಸೂರಿನ ಶಾಸನ ಬಂದಾಗ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಅಧಿಕಾರದಲ್ಲಿತ್ತು. ಕಾರ್ಮಿಕರ ನಾಯಕರಾಗಿ ಹೆಸರಾಗಿದ್ದ ಕೆ.ಟಿ. ಭಾಷ್ಯಂ ಅವರು ಆ ಮಂತ್ರಿಮಂಡಲದಲ್ಲಿದ್ದರು.

ಹೀಗಾಗಿ 1956ರ ಏಕೀಕರಣದ ವೇಳೆಗೆ ಕನ್ನಡ ನಾಡಿನ ಅಂಗಡಿ ನೌಕರರು ನಾಲ್ಕು ಬಗೆಯ ಕಾಯಿದೆಗಳ ಅಡಿಯಲ್ಲಿದ್ದರು. ಹುಬ್ಬಳ್ಳಿಯ ಗುಮಾಸ್ತನಿಗೆ ಒಂದು ನಿಯಮ, ಮಂಗಳೂರಿನವನಿಗೆ ಇನ್ನೊಂದು, ಕಲಬುರಗಿಯವನಿಗೆ ಮತ್ತೊಂದು, ಬೆಂಗಳೂರಿನವನಿಗೆ ಮಗುದೊಂದು. ಈ ಭಿನ್ನತೆಯನ್ನು ನಿವಾರಿಸಿ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಬಂದದ್ದೇ 1961ರ ಮೈಸೂರು ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ. 1973ರಲ್ಲಿ ರಾಜ್ಯದ ಹೆಸರು ಬದಲಾದ ನಂತರ ಅದು ಕರ್ನಾಟಕದ ಅಧಿನಿಯಮವಾಯಿತು.

ಈ ಅಧಿನಿಯಮದ ಮೂಲ ಚೌಕಟ್ಟು ಉದಾರವಾದುದೇ ಆಗಿತ್ತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ. ಹೆಚ್ಚುವರಿ ದುಡಿಮೆಯೂ ಸೇರಿ ದಿನಕ್ಕೆ 10 ಗಂಟೆ ಮೀರಬಾರದೆಂಬ ನಿಯಮ. ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆ 50 ಗಂಟೆಗಳನ್ನು ದಾಟಬಾರದೆಂಬ ನಿರ್ಬಂಧ. ಅದಕ್ಕೆ ಎರಡು ಪಟ್ಟು ಕೂಲಿ. ಸತತ 5 ಗಂಟೆ ದುಡಿದ ಮೇಲೆ ಕನಿಷ್ಠ ಒಂದು ಗಂಟೆಯ ವಿಶ್ರಾಂತಿ. ವಿಶ್ರಾಂತಿಯೂ ಸೇರಿದಂತೆ ಕೆಲಸದ ಒಟ್ಟು ಹರವು 12 ಗಂಟೆ ಮೀರಬಾರದೆಂಬ ಕಟ್ಟಳೆ. ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದ ಸಂಬಳ ಸಹಿತ ರಜೆ - ಇವೆಲ್ಲವೂ ಅದರಲ್ಲಿದ್ದವು. ಆರು ತಿಂಗಳ ಸೇವೆ ಸಲ್ಲಿಸಿದ ನೌಕರನನ್ನು ಸಕಾರಣವಿಲ್ಲದೆ ತೆಗೆದುಹಾಕುವಂತಿರಲಿಲ್ಲ.

ಆದರೆ ಈ ಉದಾರತೆಯಲ್ಲಿಯೇ ಒಂದು ದೌರ್ಬಲ್ಯವೂ ಅಡಗಿತ್ತು. ಕಾಯಿದೆಯ ಜಾರಿಯು ತನಿಖಾಧಿಕಾರಿಯನ್ನು ಅವಲಂಬಿಸಿತ್ತು. ಅಧಿಕಾರಿ ನೋಡುವುದು ಹಾಜರಿ ಪುಸ್ತಕವನ್ನು. ಆ ಪುಸ್ತಕವನ್ನು ಬರೆಯುವವನು ಮಾಲೀಕ. ರಾತ್ರಿ ಬಾಗಿಲು ಎಳೆದ ಮೇಲೆ ದಾಸ್ತಾನು ಎಣಿಸುವ ಒಂದು ಗಂಟೆ ಆ ಪುಸ್ತಕದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲವನು ನೌಕರನೊಬ್ಬನೇ. ಒಬ್ಬಂಟಿಯಾಗಿ ಹೇಳಿದರೆ ಮರುದಿನ ಅವನಿಗೆ ಕೆಲಸವಿರುತ್ತದೆಂಬ ಭರವಸೆಯಿಲ್ಲ. ಅಂಗಡಿಯ ನೋಂದಣಿ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದು ಕಾಯಿದೆ ವಿಧಿಸಿತು. ಗೋಡೆಯ ಮೇಲಿನ ಆ ಕಾಗದದ ಹಿಂದಿರುವ ಹಕ್ಕುಗಳನ್ನು ಕೇಳಿ ಪಡೆಯಬಲ್ಲ ಸಂಘ ಮಾತ್ರ ಅಂಗಡಿಯೊಳಗೆ ಇರಲಿಲ್ಲ.

ಯಶವಂತಪುರದ ಎರಡು ಮಾರುಕಟ್ಟೆಗಳು

ಸಂಘಟನೆಯು ಎಲ್ಲಿ ಸಾಧ್ಯ, ಎಲ್ಲಿ ಕಷ್ಟ ಎಂಬುದನ್ನು ಅರಿಯಲು ಯಶವಂತಪುರವು ಒಳ್ಳೆಯ ನಿದರ್ಶನ. ಇಲ್ಲಿಯ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲರು ಸಂಘಟಿತರಾದರು. ರಾಜ್ಯಮಟ್ಟದಲ್ಲಿಯೂ ಹಮಾಲರ ಒಕ್ಕೂಟ ಬೆಳೆಯಿತು. 1966ರ ಮಾರುಕಟ್ಟೆ ಕಾಯಿದೆಯ ವ್ಯವಸ್ಥೆಯಲ್ಲಿ ಹಮಾಲನು ಪರವಾನಗಿ ಪಡೆದ ಮಾರುಕಟ್ಟೆ ಕಾರ್ಯಕರ್ತ. ಅವನ ಕೂಲಿಯು ಮೂಟೆಯ ಲೆಕ್ಕದಲ್ಲಿ ನಿಗದಿಯಾಗುವಂಥದು. ದರ ಏರಬೇಕಾದರೆ ಎಲ್ಲರಿಗೂ ಒಟ್ಟಿಗೇ ಏರಬೇಕು. ಅವರು ಒಂದೇ ಬಯಲಿನಲ್ಲಿ ಒಟ್ಟಿಗೆ ನಿಂತು ಲಾರಿಗೆ ಕಾಯುತ್ತಾರೆ. ಒಬ್ಬ ಮಂಡಿ ಮಾಲೀಕನ ಬಳಿ ಕೆಲಸ ಹೋದರೆ ಇನ್ನೊಬ್ಬನ ಬಳಿ ಮೂಟೆ ಇದ್ದೇ ಇರುತ್ತದೆ. ಓದು ಬರಹ ಕಡಿಮೆಯಿದ್ದರೂ ಹಮಾಲರು ಸಂಘ ಕಟ್ಟಲು ಈ ಸಂಗತಿಗಳು ನೆರವಾದವು.

ಅದೇ ಪ್ರಾಂಗಣದ ಮಂಡಿಯೊಳಗೆ ಲೆಕ್ಕ ಬರೆಯುವ ಗುಮಾಸ್ತನ ಸ್ಥಿತಿ ಬೇರೆ. ಅವನು ಮಾಲೀಕನ ಎದುರಿನಲ್ಲಿಯೇ ಕುಳಿತು ದುಡಿಯುತ್ತಾನೆ. ಎಷ್ಟೋ ವೇಳೆ ಅವನು ಮಾಲೀಕನ ಊರಿನವನೋ, ಬಳಗದವನೋ, ಪರಿಚಯದ ಮೇಲೆ ಸೇರಿಕೊಂಡವನೋ ಆಗಿರುತ್ತಾನೆ. ಹಬ್ಬಕ್ಕೆ ಉಡುಗೊರೆ, ಮಗಳ ಮದುವೆಗೆ ಮುಂಗಡ - ಇಂಥ ಋಣಗಳು ಸಂಬಳಕ್ಕಿಂತ ಗಟ್ಟಿಯಾದ ಬಂಧನಗಳು. ತಾನೂ ಒಂದು ದಿನ ಸ್ವಂತ ಅಂಗಡಿ ಇಡಬಹುದೆಂಬ ಆಸೆಯೂ ಅವನನ್ನು ಹಮಾಲನ ಸಂಘದಿಂದ ದೂರವಿಟ್ಟಿತು. ಬಾಗಿಲ ಹೊರಗಿನ ದುಡಿಮೆ ಸಂಘಟಿತವಾಯಿತು. ಬಾಗಿಲ ಒಳಗಿನ ದುಡಿಮೆ ಸಂಘಟಿತವಾಗಲಿಲ್ಲ.

2003ರಲ್ಲಿ ಇದೇ ಯಶವಂತಪುರಕ್ಕೆ ಇನ್ನೊಂದು ಬಗೆಯ ಮಾರುಕಟ್ಟೆ ಬಂದಿತು. ಜರ್ಮನಿಯ ಮೆಟ್ರೊ ಕ್ಯಾಶ್ ಅಂಡ್ ಕ್ಯಾರಿ ಸಂಸ್ಥೆಯು ಭಾರತದಲ್ಲಿ ತನ್ನ ಸಗಟು ವ್ಯಾಪಾರವನ್ನು ಆರಂಭಿಸಿದ್ದು ಬೆಂಗಳೂರಿನಲ್ಲಿಯೇ. ವರ್ತಕರ ಸಂಘಗಳು ಇದನ್ನು ಬಲವಾಗಿ ವಿರೋಧಿಸಿದವು. ಸಗಟಿನ ಹೆಸರಿನಲ್ಲಿ ಚಿಲ್ಲರೆ ವ್ಯಾಪಾರ ನಡೆಯುತ್ತದೆಂಬುದು ಅವುಗಳ ಆಕ್ಷೇಪ. 2012ರ ಸೆಪ್ಟೆಂಬರ್‌ನಲ್ಲಿ ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರವರೆಗಿನ ವಿದೇಶಿ ಬಂಡವಾಳಕ್ಕೆ ಕೇಂದ್ರವು ಅನುಮತಿ ನೀಡಿದಾಗಲೂ ಚರ್ಚೆಯು ಇದೇ ಜಾಡಿನಲ್ಲಿ ಸಾಗಿತು. ಸಣ್ಣ ಅಂಗಡಿಕಾರ ಉಳಿಯುವನೇ, ರೈತನಿಗೆ ಬೆಲೆ ಸಿಗುವುದೇ, ಗ್ರಾಹಕನಿಗೆ ಅಗ್ಗವಾಗುವುದೇ ಎಂಬ ಮೂರು ಪ್ರಶ್ನೆಗಳು ಎಲ್ಲೆಡೆ ಕೇಳಿಬಂದವು. ಆ ಮಳಿಗೆಯಲ್ಲಿ ದುಡಿಯುವವರ ಗತಿಯೇನು ಎಂಬ ನಾಲ್ಕನೆಯ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. 2023ರಲ್ಲಿ ಮೆಟ್ರೊದ ಭಾರತೀಯ ವ್ಯವಹಾರವನ್ನು ರಿಲಯನ್ಸ್ ರೀಟೇಲ್ ಕೊಂಡುಕೊಂಡಿತು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಮಳಿಗೆಯ ಒಡೆತನವು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಸಾಗಿತು.

ಮಾಲಿನ ಒಳಗಿನ ದುಡಿಮೆ

ದೊಡ್ಡ ಮಳಿಗೆಗಳು ಬಂದುದರಿಂದ ಸಂಘಟನೆಯ ಹಳೆಯ ಅಡ್ಡಿಯೊಂದು ನಿವಾರಣೆಯಾಗಬೇಕಿತ್ತು. ಇಬ್ಬರು ಮೂವರು ದುಡಿಯುತ್ತಿದ್ದ ಕಡೆ ಈಗ ಒಂದೇ ಸೂರಿನಡಿ ನೂರಾರು ಮಂದಿ ದುಡಿಯುತ್ತಾರೆ. ಮಾಲೀಕನ ಬಳಗದ ಋಣವೂ ಇಲ್ಲಿಲ್ಲ. ಆದರೂ ಸಂಘ ಬೆಳೆಯಲಿಲ್ಲ. ಹಳೆಯ ಅಡ್ಡಿಯ ಜಾಗದಲ್ಲಿ ಹೊಸ ಅಡ್ಡಿಗಳು ಬಂದು ನಿಂತವು.

ಮೊದಲನೆಯದು ಮಾಲೀಕ ಯಾರೆಂಬ ಪ್ರಶ್ನೆ. ಒಂದೇ ಮಳಿಗೆಯಲ್ಲಿ ಒಂದೇ ಬಗೆಯ ಸಮವಸ್ತ್ರ ತೊಟ್ಟು ನಿಂತ ನಾಲ್ವರಲ್ಲಿ ಒಬ್ಬರು ಮಳಿಗೆಯ ಸಿಬ್ಬಂದಿ, ಇನ್ನೊಬ್ಬರು ಸಾಬೂನಿನ ಕಂಪನಿಯೊಂದು ನಿಲ್ಲಿಸಿದ ಪ್ರೊಮೋಟರ್, ಮೂರನೆಯವರು ಗುತ್ತಿಗೆ ಏಜೆನ್ಸಿಯ ಸಹಾಯಕ, ನಾಲ್ಕನೆಯವರು ಮಾಲಿನ ಆಡಳಿತಕ್ಕೆ ಸೇರಿದ ಶುಚಿತ್ವದ ಕೆಲಸಗಾರ್ತಿ. ಒಂದೇ ನೆಲದ ಮೇಲೆ ನಿಂತು ದುಡಿದರೂ ಅವರಿಗೆ ಸಂಬಳ ಕೊಡುವವರು ನಾಲ್ವರು. ಕಾಲು ನೋವಿನ ದೂರು ನಾಲ್ವರದೂ ಒಂದೇ. ದೂರು ಕೊಡಬೇಕಾದ ಕಚೇರಿ ಮಾತ್ರ ಬೇರೆ ಬೇರೆ.

ಎರಡನೆಯದು ರಜೆಯ ಪ್ರಶ್ನೆ. 1961ರ ಅಧಿನಿಯಮದ ಮೂಲ ಆಶಯದಂತೆ ಅಂಗಡಿಯು ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕಾಗಿತ್ತು. ಸರ್ಕಾರವು ವಿನಾಯಿತಿ ನೀಡಬಹುದಾಗಿತ್ತು. ಬಾಗಿಲು ಮುಚ್ಚಿದ ದಿನ ಎಲ್ಲ ನೌಕರರಿಗೂ ಒಟ್ಟಿಗೆ ಬಿಡುವು. ಮಾಲು ಹಬ್ಬ ಹರಿದಿನಗಳೆನ್ನದೆ ತೆರೆದಿರುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ. 2021ರ ಜನವರಿಯಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ಹಗಲಿರುಳೂ ತೆರೆದಿರಲು ರಾಜ್ಯ ಸರ್ಕಾರವು ಮೂರು ವರ್ಷಗಳ ಅವಧಿಗೆ ಅನುಮತಿ ನೀಡಿತು. ಪ್ರತಿಯೊಬ್ಬರಿಗೂ ವಾರದ ರಜೆ ಕೊಡಬೇಕು, ಲಿಖಿತ ಒಪ್ಪಿಗೆಯಿಲ್ಲದೆ ಮಹಿಳೆಯರನ್ನು ರಾತ್ರಿ 8ರ ನಂತರ ದುಡಿಸಬಾರದು ಎಂಬ ಷರತ್ತುಗಳು ಅದರಲ್ಲಿದ್ದವು. ನೌಕರರ ರಜೆಯ ದಿನಗಳ ಸಂಖ್ಯೆ ಕಾಗದದ ಮೇಲೆ ಕಡಿಮೆಯಾಗಲಿಲ್ಲ. ಆದರೆ ಎಲ್ಲರೂ ಕೂಡಿ ಕುಳಿತು ಮಾತನಾಡಬಹುದಾದ ದಿನ ಇಲ್ಲವಾಯಿತು. ಸಾಮೂಹಿಕ ರಜೆಯು ವಿಶ್ರಾಂತಿಯಷ್ಟೇ ಆಗಿರದೆ ಸಭೆ ಸೇರುವ ಅವಕಾಶವೂ ಆಗಿತ್ತೆಂಬುದು ಅದು ತಪ್ಪಿಹೋದ ಮೇಲೆ ತಿಳಿದುಬರುವ ಸಂಗತಿ.

ಮೂರನೆಯದು ಸ್ಥಳದ ಪ್ರಶ್ನೆ. ಜಾಲಹಳ್ಳಿಯ ಕಾರ್ಖಾನೆಯ ಮುಂದೆ ಪಾಳಿ ಬಿಟ್ಟ ಕಾರ್ಮಿಕರು ನಿಂತು ಗೇಟ್ ಮೀಟಿಂಗ್ ನಡೆಸುತ್ತಿದ್ದರು. ಗೇಟು ಕಾರ್ಖಾನೆಯ ಗಡಿಯೂ ಹೌದು, ಸಂಘದ ವೇದಿಕೆಯೂ ಹೌದು. ಮಾಲಿಗೆ ಆ ಅರ್ಥದ ಗೇಟು ಇಲ್ಲ. ಅದರ ಅಂಗಳ, ಓಣಿ, ವಾಹನ ನಿಲ್ದಾಣ ಎಲ್ಲವೂ ಖಾಸಗಿ ಆಸ್ತಿ. ನೌಕರರು ಹಿಂಬದಿಯ ಬಾಗಿಲಿನಿಂದ ಒಬ್ಬೊಬ್ಬರಾಗಿ, ಚೀಲ ತಪಾಸಣೆ ಮಾಡಿಸಿಕೊಂಡು ಹೊರಬೀಳುತ್ತಾರೆ. ಕೊನೆಯ ಬಸ್ಸು ಹಿಡಿಯುವ ಆತುರ ಅವರಿಗೆ.

ಅಹವಾಲುಗಳಾದರೂ ಹೊಸವಲ್ಲ. ದಿನವಿಡೀ ನಿಂತಿರಬೇಕಾದ ಕಷ್ಟ, ಶೌಚಕ್ಕೆ ಹೋಗಲು ಅಪ್ಪಣೆ ಕೇಳಬೇಕಾದ ಸಂಕೋಚ, ಮಾರಾಟದ ಗುರಿ ತಲುಪದಿದ್ದರೆ ಕೈತಪ್ಪುವ ಪ್ರೋತ್ಸಾಹಧನ, ದಾಸ್ತಾನಿನಲ್ಲಿ ಕೊರತೆ ಕಂಡರೆ ಎಲ್ಲರ ಮೇಲೂ ಬೀಳುವ ಅನುಮಾನ, ಹಬ್ಬದ ದಿನಗಳಲ್ಲಿ ಬೆಳೆಯುವ ಪಾಳಿ - ಇವು ಅಂಗಡಿಯ ದುಡಿಮೆಯ ಸಾಮಾನ್ಯ ದೂರುಗಳು. ಇವುಗಳಲ್ಲಿ ಮೊದಲನೆಯದರ ಚರಿತ್ರೆ ವಿಶೇಷವಾಗಿ ಗಮನಾರ್ಹ. ಬ್ರಿಟನ್ನಿನಲ್ಲಿ ಅಂಗಡಿಯ ಮಹಿಳಾ ನೌಕರರಿಗೆ ಆಸನ ಒದಗಿಸಬೇಕೆಂಬ ಪ್ರತ್ಯೇಕ ಕಾಯಿದೆ 1899ರಷ್ಟು ಹಿಂದೆಯೇ ಬಂದಿತು. ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮವು ನಿಂತು ದುಡಿಯುವವರಿಗೆ ಕುಳಿತುಕೊಳ್ಳುವ ಸೌಕರ್ಯವಿರಬೇಕೆಂದು ವಿಧಿಸಿತು. ಅದೇ ವರ್ಷ ಬಂದ ಮೈಸೂರಿನ ಅಂಗಡಿ ಶಾಸನದ ಕಾಲದಿಂದಲೂ ಅಂಗಡಿ ಕಾಯಿದೆಗಳ ಮುಖ್ಯ ಗಮನವಿದ್ದುದು ಗಂಟೆಗಳ ಮೇಲೆ. ಎಷ್ಟು ಹೊತ್ತು ನಿಲ್ಲಿಸಬಹುದು ಎಂಬುದಕ್ಕೆ ಮಿತಿ ಬಂದಿತು. ನಿಂತವರಿಗೆ ಕುರ್ಚಿ ಬರಲಿಲ್ಲ.

ಕೋಳಿಕೋಡಿನ ನಿದರ್ಶನ

ಈ ಕುರ್ಚಿಯನ್ನು ಕೇಳಿ ಪಡೆದವರು ನೆರೆಯ ಕೇರಳದ ಅಂಗಡಿ ನೌಕರಿಯ ಮಹಿಳೆಯರು. ಕೋಳಿಕೋಡಿನ ಮಿಠಾಯಿ ತೆರುವು ಎಂಬ ಹಳೆಯ ಪೇಟೆಬೀದಿಯಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದ ಮಹಿಳೆಯರಿಗೆ ಶೌಚಾಲಯದ ಸೌಕರ್ಯವೇ ಇರಲಿಲ್ಲ. ನೀರು ಕುಡಿಯದೆ ದಿನ ಕಳೆಯುವುದು ಅವರಿಗೆ ರೂಢಿಯಾಗಿತ್ತು. ದರ್ಜಿ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರ ನೇತೃತ್ವದಲ್ಲಿ 2009ರ ಸುಮಾರಿಗೆ ರೂಪುಗೊಂಡ ‘ಪೆಣ್‌ಕೂಟ್ಟ್’ ಎಂಬ ಮಹಿಳೆಯರ ಕೂಟವು ಈ ಪ್ರಶ್ನೆಯನ್ನೆತ್ತಿಕೊಂಡಿತು. ಶೌಚಾಲಯದಿಂದ ಆರಂಭವಾದ ಬೇಡಿಕೆಯು ಕುಳಿತುಕೊಳ್ಳುವ ಹಕ್ಕಿನವರೆಗೆ ಬೆಳೆಯಿತು. ಅಸಂಘಟಿತ ವಲಯದ ಕಾರ್ಮಿಕರ ಸಂಘವೊಂದು ನೋಂದಣಿಯಾಯಿತು. 2014ರ ಕೊನೆಯಲ್ಲಿ ತ್ರಿಶ್ಶೂರಿನ ಬಟ್ಟೆ ಮಳಿಗೆಯೊಂದರ ಮಹಿಳೆಯರು ನೂರು ದಿನಗಳನ್ನು ದಾಟಿದ ಧರಣಿಯನ್ನು ಆರಂಭಿಸಿದರು. ಅಂತಿಮವಾಗಿ 2018ರಲ್ಲಿ ಕೇರಳವು ತನ್ನ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದು ನೌಕರರಿಗೆ ಆಸನವನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು.

ಈ ನಿದರ್ಶನದಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದಾಗಿ, ಸಂಘಟನೆಯ ಘಟಕವು ಒಂದು ಅಂಗಡಿಯಾಗಿರದೆ ಒಂದು ಬೀದಿಯಾಗಿತ್ತು. ಒಬ್ಬ ಮಾಲೀಕನ ವಿರುದ್ಧ ಇಬ್ಬರು ನೌಕರರು ನಿಲ್ಲಲಾರರು. ಬೀದಿಯ ನೌಕರರೆಲ್ಲ ಸೇರಿದರೆ ಯಾರೊಬ್ಬರನ್ನೂ ಬೇರ್ಪಡಿಸಿ ತೆಗೆಯುವುದು ಸುಲಭವಲ್ಲ. ಎರಡನೆಯದಾಗಿ, ಬೇಡಿಕೆಯು ಸಂಬಳದಿಂದ ಆರಂಭವಾಗದೆ ದೇಹದಿಂದ ಆರಂಭವಾಯಿತು. ಸಂಬಳ ಒಬ್ಬೊಬ್ಬರದು ಒಂದೊಂದು. ಕಾಲಿನ ಬಾವು ಎಲ್ಲರಿಗೂ ಸಮಾನ. ಯಶವಂತಪುರದ ಹಮಾಲರನ್ನು ಒಗ್ಗೂಡಿಸಿದ ಮೂಟೆಯ ದರಕ್ಕೆ ಸಮಾನವಾದುದು ಮಳಿಗೆಯಲ್ಲಿ ಯಾವುದು ಎಂದರೆ, ಅದು ಈ ನಿಲುವಿನ ನೋವೇ ಆಗಿದೆ.

ಕಾನೂನಿನ ಬಾಗಿಲುಗಳು

ಅಂಗಡಿ ನೌಕರರು ಸಂಘ ಕಟ್ಟಲು ಕಾನೂನಿನ ತಡೆ ಯಾವ ಕಾಲಕ್ಕೂ ಮುಖ್ಯ ಅಡ್ಡಿಯಾಗಿರಲಿಲ್ಲ. 1926ರ ಕಾರ್ಮಿಕ ಸಂಘಗಳ ಅಧಿನಿಯಮದಂತೆ ಏಳು ಮಂದಿ ಸೇರಿ ನೋಂದಣಿಗೆ ಅರ್ಜಿ ಸಲ್ಲಿಸಬಹುದಾಗಿತ್ತು. 2001ರ ತಿದ್ದುಪಡಿಯು ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇಕಡ 10 ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕೆಂದು ವಿಧಿಸಿತು. ‘ಉದ್ಯಮ’ ಎಂಬ ಪದದ ವ್ಯಾಪ್ತಿಯನ್ನು ವಿಸ್ತರಿಸಿದ ಸರ್ವೋಚ್ಚ ನ್ಯಾಯಾಲಯದ ಪ್ರಸಿದ್ಧ ತೀರ್ಪೂ ಬೆಂಗಳೂರಿನಿಂದಲೇ ಹೋದ ಮೊಕದ್ದಮೆಯದು. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ನಡುವಿನ ಆ ಪ್ರಕರಣದಲ್ಲಿ 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ಪ್ರಧಾನ ತೀರ್ಪು, ಕಾರ್ಖಾನೆಯ ಹೊರಗಿನ ದುಡಿಮೆಗೂ ಕೈಗಾರಿಕಾ ಕಾನೂನಿನ ರಕ್ಷಣೆಯ ಹಾದಿಯನ್ನು ಅಗಲಗೊಳಿಸಿತು. ಮಾರಾಟಗಾರನನ್ನು ‘ಎಕ್ಸಿಕ್ಯೂಟಿವ್’ ಎಂದು ಕರೆದ ಮಾತ್ರಕ್ಕೆ ಆತ ಕಾರ್ಮಿಕನಲ್ಲವೆಂದಾಗುವುದಿಲ್ಲ. ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವೇ ಮುಖ್ಯವೆಂಬುದು ನ್ಯಾಯಾಲಯಗಳು ಅನುಸರಿಸಿಕೊಂಡು ಬಂದ ತತ್ತ್ವ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಈ ಚೌಕಟ್ಟನ್ನು ಬದಲಿಸಿವೆ. ಅವು ಅಂಗಡಿ ನೌಕರರಿಗೆ ಕೊಡುವುದೂ ಇದೆ, ಕಸಿಯುವುದೂ ಇದೆ. ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿರುವುದರಿಂದ ಮಾಲೀಕ ಯಾರೆಂಬುದು ಬರಹದಲ್ಲಿ ಸಿಗಬೇಕು. ನಿಂತು ದುಡಿಯುವವರಿಗೆ ಆಸನ ವ್ಯವಸ್ಥೆಯೂ ವೃತ್ತಿ ಸುರಕ್ಷತಾ ಸಂಹಿತೆಯ ಕ್ಷೇಮಸೌಕರ್ಯಗಳ ಪಟ್ಟಿಯಲ್ಲಿ ಸೇರಿದೆ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅಹವಾಲು ಪರಿಹಾರ ಸಮಿತಿ ಇರಬೇಕು. ಇನ್ನೊಂದೆಡೆ, ಹಿಂದೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇದ್ದ ಮುಷ್ಕರದ ಮುನ್ಸೂಚನೆಯ ಕಟ್ಟು ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಬಂದಿದೆ. ಹಲವು ಸಂಘಗಳಿರುವ ಕಡೆ ಏಕೈಕ ಸಂಧಾನಕಾರ ಸಂಘವೆಂಬ ಮಾನ್ಯತೆಗೆ ಶೇಕಡ 51ರ ಬೆಂಬಲ ಬೇಕು. ನಾಲ್ವರು ಮಾಲೀಕರ ನೌಕರರು ಬೆರೆತು ದುಡಿಯುವ ಮಳಿಗೆಯಲ್ಲಿ ಆ ಶೇಕಡಾವಾರನ್ನು ಯಾವ ಒಟ್ಟು ಸಂಖ್ಯೆಯ ಮೇಲೆ ಲೆಕ್ಕ ಹಾಕಬೇಕೆಂಬುದೇ ಮುಂದಿನ ವಿವಾದಗಳ ಮೂಲವಾಗಬಹುದು.

ದುಡಿಮೆಯ ಗಂಟೆಗಳ ಪ್ರಶ್ನೆಯೂ ಮುಗಿದುಹೋಗಿಲ್ಲ. 2025ರ ಜೂನ್‌ನಲ್ಲಿ ರಾಜ್ಯದ ಕಾರ್ಮಿಕ ಇಲಾಖೆಯು 1961ರ ಅಧಿನಿಯಮದ ದಿನದ ಮಿತಿಯನ್ನು 9ರಿಂದ 10 ಗಂಟೆಗೆ, ಹೆಚ್ಚುವರಿ ದುಡಿಮೆ ಸೇರಿದ ಮಿತಿಯನ್ನು 10ರಿಂದ 12 ಗಂಟೆಗೆ, ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 50ರಿಂದ 144 ಗಂಟೆಗೆ ಏರಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ಇದನ್ನು ಬೀದಿಗಿಳಿದು ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿದ್ದುದು 2017ರಲ್ಲಿ ರೂಪುಗೊಂಡ ಮಾಹಿತಿ ತಂತ್ರಜ್ಞಾನ ನೌಕರರ ಸಂಘ. ಅದೇ ಅಧಿನಿಯಮದ ಅಡಿಯಲ್ಲಿ ಬರುವ, ಆ ಬದಲಾವಣೆಯ ಭಾರವನ್ನು ಕಾಲಿನ ಮೇಲೆ ಹೊರಬೇಕಾಗಿದ್ದ ಅಂಗಡಿ ನೌಕರರ ಪರವಾಗಿ ಅಷ್ಟೇ ಗಟ್ಟಿಯಾದ ದನಿ ಕೇಳಿಬರಲಿಲ್ಲ. ಸಂಘವಿದ್ದವರಿಗೂ ಇಲ್ಲದವರಿಗೂ ಇರುವ ಅಂತರವನ್ನು ಈ ಒಂದು ಸಂದರ್ಭವೇ ತೋರಿಸಿಕೊಡುತ್ತದೆ.

ಉಪಸಂಹಾರ

ಕನ್ನಡ ನಾಡಿನ ಅಂಗಡಿ ನೌಕರರ ಚರಿತ್ರೆಯು ಹಕ್ಕುಗಳಿಲ್ಲದವರ ಚರಿತ್ರೆಯಲ್ಲ. ಅದು ಹಕ್ಕುಗಳನ್ನು ಬರಹದಲ್ಲಿ ಪಡೆದೂ ಕೇಳಲು ಜೊತೆಯಿಲ್ಲದವರ ಚರಿತ್ರೆ. ಕಾರ್ಖಾನೆಯ ಕಾರ್ಮಿಕನಿಗೆ ಕಾಯಿದೆಯು ಹೋರಾಟದ ಫಲವಾಗಿ ದಕ್ಕಿದ್ದರಿಂದ ಅದನ್ನು ಕಾಯ್ದುಕೊಳ್ಳುವ ಬಗೆಯೂ ಅವನಿಗೆ ತಿಳಿದಿತ್ತು. ಅಂಗಡಿ ನೌಕರನಿಗೆ ಕಾಯಿದೆ ಮೊದಲು ಬಂದು, ಸಂಘ ಇನ್ನೂ ಬರಬೇಕಾಗಿದೆ.

ಈ ಅಂತರವನ್ನು ತುಂಬುವ ಮಾದರಿಗಳು ದೂರದಲ್ಲಿಲ್ಲ. ಮಂಡಿಯ ಬಾಗಿಲ ಹೊರಗೆ ಕೂಲಿಯ ದರಕ್ಕಾಗಿ ಒಂದಾದ ಯಶವಂತಪುರದ ಹಮಾಲರು ಉತ್ತರ ಬೆಂಗಳೂರಿನವರೇ. ಬೀದಿಯೊಂದನ್ನೇ ಸಂಘದ ಘಟಕ ಮಾಡಿಕೊಂಡ ಕೋಳಿಕೋಡಿನ ಮಹಿಳೆಯರು ನೆರೆನಾಡಿನವರು. ಮಾಲೀಕರು ಎಷ್ಟೇ ಮಂದಿ ಇರಲಿ, ಕೆಂಪಾಪುರ, ಹೆಬ್ಬಾಳ, ಬ್ಯಾಟರಾಯನಪುರಗಳ ಮಳಿಗೆಗಳ ನೌಕರರು ರಾತ್ರಿ ಕಾಯುವ ಬಸ್ಸು ನಿಲ್ದಾಣಗಳು ಹಲವಲ್ಲ. ಕಾರ್ಖಾನೆಯ ಗೇಟಿಗೆ ಬದಲಾಗಿ ಸಂಘಟನೆಯ ಚರಿತ್ರೆಯ ಮುಂದಿನ ಅಧ್ಯಾಯ ಅಂಥ ನಿಲ್ದಾಣಗಳಿಂದ ಆರಂಭವಾಗುವ ಸಾಧ್ಯತೆಯನ್ನು ಇತಿಹಾಸದ ವಿದ್ಯಾರ್ಥಿಗಳು ಅಲ್ಲಗಳೆಯುವಂತಿಲ್ಲ.